ಸೆನ್ಸರ್ ಮೇಲೆ ಅದಿರಿನ ಧೂಳು: ಒರೆಸುವ ಮೊದಲು ಊದಿ

ಪ್ರಶ್ನೆ: ಸಂಡೂರಿನಲ್ಲಿ ಮದುವೆ, ಗೃಹಪ್ರವೇಶದ ಫೋಟೊ ತೆಗೆಯುತ್ತೇನೆ. ನನ್ನದು ಹಳೆಯ ಕ್ರಾಪ್ ಸೆನ್ಸರ್ ಡಿಎಸ್‌ಎಲ್‌ಆರ್ ಕ್ಯಾಮೆರಾ. ಈಚೆಗೆ ಗುಡ್ಡದ ಫೋಟೊ ತೆಗೆದಾಗ ಆಕಾಶದಲ್ಲಿ ಏಳೆಂಟು ಮಸುಕು ಕಪ್ಪು ಚುಕ್ಕೆ ಬಂದಿವೆ. ಮದುವೆ ಫೋಟೊಗಳಲ್ಲಿ ಒಂದೂ ಕಾಣಲ್ಲ. ಲೆನ್ಸ್ ಎಷ್ಟು ಒರೆಸಿದರೂ ಹೋಗುತ್ತಿಲ್ಲ. ಬೆಂಗಳೂರಿಗೆ ಸರ್ವಿಸ್‌ಗೆ ಕಳಿಸಿದರೆ ಸೀಸನ್ ಕೆಲಸ ಕೈ ತಪ್ಪುತ್ತದೆ. ಕನ್ನಡಕ ಒರೆಸುವ ಬಟ್ಟೆ, ಸರ್ಜಿಕಲ್ ಸ್ಪಿರಿಟ್ ಮನೆಯಲ್ಲಿದೆ. ನಾನೇ ಕ್ಲೀನ್ ಮಾಡಬಹುದಾ?

ಉತ್ತರ: ಮೊದಲು ಆ ಸ್ಪಿರಿಟ್ ಬಾಟಲಿಗೆ ಮುಚ್ಚಳ ಹಾಕಿ ಪಕ್ಕಕ್ಕಿಡಿ. ಬಟ್ಟೆಯನ್ನೂ ಮಡಿಚಿಡಿ. ಮನೆಯಲ್ಲೇ ಕ್ಲೀನ್ ಮಾಡಬಹುದು, ಆದರೆ ಅವೆರಡರಿಂದ ಅಲ್ಲ.

ನೀವು ಹೇಳಿದ್ದು ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಭಾಗದ ಮೇಲಿನ ಧೂಳಿನ ಲಕ್ಷಣವೇ. ಲೆನ್ಸಿನ ಮುಂದಿನ ಗಾಜಿನ ಮೇಲೆ ಕೂತ ಕಣ ಹೀಗೆ ಚುಕ್ಕೆಯಾಗಿ ಬರುವುದು ಬಹಳ ಅಪರೂಪ. ಮದುವೆ ಫೋಟೊದಲ್ಲಿ ಕಾಣದಿರುವುದಕ್ಕೂ ಕಾರಣವಿದೆ. ಧೂಳು ಕೂರುವುದು ನಿಜವಾಗಿ ಸೆನ್ಸರ್ ಮೇಲಲ್ಲ, ಅದರ ಮುಂದಿರುವ ತೆಳು ಗಾಜಿನ ಫಿಲ್ಟರ್ ಮೇಲೆ. ಮಂಟಪದೊಳಗೆ ಬೆಳಕು ಕಡಿಮೆ ಅಂತ ನೀವು ಎಫ್/2.8, ಎಫ್/4ರಲ್ಲಿ, ಅಂದರೆ ಲೆನ್ಸಿನ ತೂತು (ಅಪರ್ಚರ್) ಅಗಲವಾಗಿಟ್ಟು ತೆಗೆಯುತ್ತೀರಿ. ಆಗ ಬೆಳಕು ಅಗಲವಾಗಿ ಎಲ್ಲ ಕಡೆಯಿಂದ ಬಂದು ಕಣದ ನೆರಳನ್ನು ಕರಗಿಸಿಬಿಡುತ್ತದೆ. ಗುಡ್ಡದ ಫೋಟೊಗೆ ಎಫ್/16 ಇಟ್ಟಿರುತ್ತೀರಿ. ಬೆಳಕು ಸಣ್ಣ ತೂತಿನಿಂದ ಬರುತ್ತದೆ, ನೆರಳು ಗಟ್ಟಿಯಾಗಿ ಬೀಳುತ್ತದೆ. ಅಂದರೆ ಮದುವೆ ಸೀಸನ್ನಿನಲ್ಲೂ ಆ ಧೂಳು ಅಲ್ಲೇ ಇತ್ತು, ಕಾಣಲಿಲ್ಲ ಅಷ್ಟೇ.

ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಅಪರ್ಚರ್ ಪ್ರಯಾರಿಟಿ ಮೋಡ್ (ತೂತಿನ ಅಳತೆ ನೀವೇ ಇಡುವುದು), ಎಫ್/16 ಅಥವಾ ಎಫ್/22, ಐಎಸ್‌ಒ 100. ಫೋಕಸ್ ಮ್ಯಾನ್ಯುಯಲ್‌ಗೆ ಹಾಕಿ ಇನ್ಫಿನಿಟಿಗೆ ತಿರುಗಿಸಿ. ಬಿಳಿ ಗೋಡೆಯ ಹತ್ತಿರ ಹೋಗಿ, ಶಟರ್ ತೆರೆದಿರುವಾಗ ಕ್ಯಾಮೆರಾವನ್ನು ಸ್ವಲ್ಪ ಅಲ್ಲಾಡಿಸುತ್ತಾ ಫೋಟೊ ತೆಗೆಯಿರಿ. ಅಲ್ಲಾಡಿಸಿದರೆ ಗೋಡೆಯ ಕಲೆಗಳು ಅಳಿಸಿಹೋಗುತ್ತವೆ, ಸೆನ್ಸರ್ ಮೇಲಿನದು ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಎರಡು ಫೋಟೊ ತೆಗೆದು ಕಂಪ್ಯೂಟರಿನಲ್ಲಿ 100 ಪರ್ಸೆಂಟ್ ದೊಡ್ಡದು ಮಾಡಿ ನೋಡಿ. ಎರಡರಲ್ಲೂ ಅದೇ ಜಾಗದಲ್ಲಿ ಚುಕ್ಕೆ ಇದ್ದರೆ ಗುಮಾನಿ ಬೇಡ.

ಚುಕ್ಕೆ ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ, ಅಲ್ವಾ? ಹಾಗಾಗಿ ಫೋಟೊದ ಮೇಲ್ಭಾಗದ ಎಡಕ್ಕಿರುವ ಚುಕ್ಕೆ, ಕ್ಯಾಮೆರಾ ಬಾಯಿ ನಿಮ್ಮ ಕಡೆ ಮಾಡಿ ನೋಡಿದರೆ, ಕೆಳಭಾಗದ ಎಡಕ್ಕೆ ಇರುತ್ತದೆ. ಮೇಲೆ ಕೆಳಗೆ ಅದಲು ಬದಲು, ಎಡ ಬಲ ಹಾಗೇ.

ಈಗ ಬಟ್ಟೆ ಯಾಕೆ ಬೇಡ ಅಂದೆ ಅನ್ನುವುದಕ್ಕೆ ಬರೋಣ. ಬೇರೆ ಊರಿನವರಿಗಿಂತ ನಮ್ಮ ಕಡೆಯವರು ಇಲ್ಲಿ ಜಾಸ್ತಿ ಎಚ್ಚರ ವಹಿಸಬೇಕು. ಸಂಡೂರಿನ ಗುಡ್ಡದಿಂದ ಲಾರಿಯಲ್ಲಿ ಇಳಿಯುವ ಆ ಕೆಂಪು ಧೂಳು ಹೆಮಟೈಟ್ ಅನ್ನುವ ಕಬ್ಬಿಣದ ಅದಿರು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಅದು 5ರಿಂದ 6.5ರವರೆಗೆ ಬರುತ್ತದೆ. ಸಾಧಾರಣ ಗಾಜು 5.5ರ ಆಸುಪಾಸು. ನಮ್ಮ ಬಂಡೆಗಲ್ಲಿನಿಂದ ಉದುರುವ ಮರಳಿನಲ್ಲಿರುವ ಕ್ವಾರ್ಟ್ಜ್ 7. ಫಿಲ್ಟರ್ ಮೇಲಿನ ಲೇಪನವಂತೂ ಇನ್ನೂ ತೆಳು. ಹಾಗಿರುವಾಗ ಒಣ ಬಟ್ಟೆಯಿಂದ ಉಜ್ಜಿದರೆ ಗೀರುವುದು ಬಟ್ಟೆಯಲ್ಲ, ಬಟ್ಟೆಗೂ ಗಾಜಿಗೂ ನಡುವೆ ಸಿಕ್ಕ ಆ ಕಣ. ಧೂಳು ಹೋಗುತ್ತದೆ, ಗೀರು ಹೋಗಲ್ಲ. ಆಮೇಲೆ ಫಿಲ್ಟರನ್ನೇ ಬದಲಿಸಬೇಕು, ಕೆಲವು ಮಾಡೆಲ್‌ಗಳಲ್ಲಿ ಇಡೀ ಸೆನ್ಸರ್ ಭಾಗವನ್ನೇ. ಕೈಯಾರೆ ಮಾಡಿದ ಗೀರಿಗೆ ಸಾಮಾನ್ಯವಾಗಿ ವಾರಂಟಿಯೂ ಸಿಗಲ್ಲ.

ಹಾಗಾಗಿ ಮೊದಲ ಕೆಲಸ ಮೆನುವಿನಲ್ಲಿ. 2003ರಲ್ಲಿ ಬಂದ ಒಲಿಂಪಸ್ ಇ-1 ಕ್ಯಾಮೆರಾ ಫಿಲ್ಟರನ್ನು ಅತಿ ವೇಗವಾಗಿ ನಡುಗಿಸಿ ಧೂಳು ಉದುರಿಸುವ ವ್ಯವಸ್ಥೆ ತಂದಿತು. ಈಗ ಹೆಚ್ಚಿನ ಕಂಪನಿಗಳ ಕ್ಯಾಮೆರಾಗಳಲ್ಲಿ ಅಂಥದ್ದು ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಕ್ಯಾಮೆರಾವನ್ನು ಮೇಜಿನ ಮೇಲೆ ನೆಟ್ಟಗೆ ಕೂರಿಸಿ ನಾಲ್ಕೈದು ಸಲ ಓಡಿಸಿ. ಒಣ ಧೂಳಿಗೆ ಎಷ್ಟೋ ಸಲ ಇಷ್ಟೇ ಸಾಕು.

ಹೋಗದಿದ್ದರೆ ಬ್ಲೋವರ್. ರಬ್ಬರ್ ಉಂಡೆಗೆ ಮೂತಿ ಇರುವ, ಕೈಯಲ್ಲಿ ಒತ್ತುವ ಬ್ಲೋವರ್ ತಗೊಳ್ಳಿ. ಸ್ವಲ್ಪ ದೊಡ್ಡದೇ ಇರಲಿ, ಚಿಕ್ಕದರಲ್ಲಿ ಗಾಳಿಗೆ ಜೋರಿಲ್ಲ. ಹೊಸದನ್ನು ತಂದ ಕೂಡಲೇ ಬಳಸಬೇಡಿ. ಒಳಗಿನ ಪುಡಿ ಹೋಗುವ ತನಕ ಸುಮ್ನೆ ಹೊರಗೆ ಒತ್ತುತ್ತಾ ಇರಿ. ಮೂತಿ ಗಟ್ಟಿಯಾಗಿ ಕೂತಿದೆಯಾ ನೋಡಿ. ಊದುವಾಗ ಅದು ಕಿತ್ತು ಒಳಗೆ ಹಾರಿದರೆ ಧೂಳೇ ವಾಸಿ ಅನ್ನಿಸುತ್ತದೆ.

ಸಮಯ ಅಂದರೆ ಬೆಳಿಗ್ಗೆ, ಅದಿರಿನ ಲಾರಿಗಳ ಓಡಾಟ ಶುರುವಾಗುವ ಮೊದಲು. ಕೋಣೆಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ಅರ್ಧ ಗಂಟೆ ಬಿಡಿ. ಫ್ಯಾನ್, ಕೂಲರ್ ಆಫ್. ಸೆಕೆ ಆಗುತ್ತದೆ, ಹತ್ತು ನಿಮಿಷ ತಡೆದುಕೊಳ್ಳಿ. ಹಣೆಯ ಬೆವರು ಮಾತ್ರ ಮೊದಲೇ ಒರೆಸಿಕೊಳ್ಳಿ, ಒಂದು ಹನಿ ಒಳಗೆ ಬಿದ್ದರೆ ಉಪ್ಪಿನ ಕಲೆ ಕೂರುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರ್ ಮುಂದೆ ಕನ್ನಡಿಯೂ ಶಟರ್ ಪರದೆಯೂ ಇರುತ್ತವೆ. ಮೆನುವಿನಲ್ಲಿ ಕ್ಯಾನನ್‌ಗೆ ‘ಕ್ಲೀನ್ ಮ್ಯಾನ್ಯುಯಲಿ’, ನಿಕಾನ್‌ಗೆ ‘ಲಾಕ್ ಮಿರರ್ ಅಪ್ ಫಾರ್ ಕ್ಲೀನಿಂಗ್’ ಅಂತ ಇರುತ್ತದೆ. ಅದನ್ನು ಒತ್ತಿದರೆ ಕನ್ನಡಿ ಮೇಲೇರಿ ಅಲ್ಲೇ ನಿಲ್ಲುತ್ತದೆ. ಬ್ಯಾಟರಿ ನಡುವೆ ಕೈ ಕೊಟ್ಟರೆ ಕನ್ನಡಿಯೂ ಪರದೆಯೂ ಧಡ್ ಅಂತ ಮುಚ್ಚಿಕೊಳ್ಳುತ್ತವೆ, ಆಗ ಒಳಗೆ ಸ್ವಾಬ್ (ಸೆನ್ಸರ್ ಒರೆಸುವ ಕಡ್ಡಿ) ಇದ್ದರೆ ಕಥೆ ಮುಗಿಯಿತು. ಒತ್ತಿದಷ್ಟು ಹೊತ್ತು ಶಟರ್ ತೆರೆದೇ ಇರುವ ಬಲ್ಬ್ ಮೋಡ್‌ನಲ್ಲಿ ಬಟನ್ ಒತ್ತಿ ಹಿಡಿದು ಕ್ಲೀನ್ ಮಾಡುವವರೂ ಇದ್ದಾರೆ. ಬೇಡವೇ ಬೇಡ. ಬೆರಳು ಜಾರಿದರೆ ಅದೇ ಗತಿ.

ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಬ್ಲೋವರ್ ಮೂತಿ ಲೆನ್ಸ್ ಕೂರುವ ಲೋಹದ ಬಳೆಯನ್ನು ದಾಟಿ ಒಳಗೆ ಹೋಗಬಾರದು. ಹತ್ತು ಹದಿನೈದು ಸಲ ಜೋರಾಗಿ ಊದಿ, ಕ್ಯಾಮೆರಾ ಆಫ್ ಮಾಡಿ, ಲೆನ್ಸ್ ಹಾಕಿ ಮತ್ತೆ ಗೋಡೆಯ ಫೋಟೊ ತೆಗೆಯಿರಿ. ನಿಮ್ಮ ಏಳೆಂಟು ಚುಕ್ಕೆಯಲ್ಲಿ ಒಂದೆರಡು ಉಳಿದರೂ ಆಶ್ಚರ್ಯವಿಲ್ಲ. ಉಳಿದದ್ದು ಎಫ್/11ರಲ್ಲಿ ಕಾಣದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಎಫ್/22ರಲ್ಲಿ ಸಣ್ಣ ತೂತಿನಿಂದ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಫೋಟೊ ಹೇಗೂ ಮೆತ್ತಗಾಗುತ್ತದೆ. ಗುಡ್ಡವನ್ನು ಎಫ್/8ರಲ್ಲಿ ತೆಗೆದರೆ ಚೂಪಾಗಿಯೂ ಬರುತ್ತದೆ, ಚುಕ್ಕೆಯೂ ಕಾಣಲ್ಲ. ಒಂದು ಚುಕ್ಕೆಗೋಸ್ಕರ ಸೆನ್ಸರ್ ಕೆದಕುವುದು ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ. ಎಡಿಟಿಂಗಿನಲ್ಲಿ ಅದನ್ನು ಅಳಿಸಲು ಒಂದು ಕ್ಲಿಕ್ ಸಾಕು.

ಊದಿದರೂ ಕದಲದೆ, ಎಫ್/8ರಲ್ಲೂ ಕಾಣುವ ಕಲೆ ಇದ್ದರೆ ಮಾತ್ರ ಒದ್ದೆ ಕ್ಲೀನಿಂಗ್. ಇದಕ್ಕೆ ಸೆನ್ಸರ್ ಸ್ವಾಬ್ ಅಂತಲೇ ಪ್ಯಾಕೆಟ್ ಬರುತ್ತದೆ. ಸೆನ್ಸರಿನ ಎತ್ತರಕ್ಕೆ ಸರಿಹೊಂದುವ ಅಳತೆ ತಗೊಳ್ಳಬೇಕು. ನಿಮ್ಮ ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕದು) ಸುಮಾರು 23 ಮಿ.ಮೀ. ಅಗಲ, 15 ಮಿ.ಮೀ. ಎತ್ತರ. ಅದಕ್ಕೆ 16 ಮಿ.ಮೀ. ಸ್ವಾಬ್. ಫುಲ್ ಫ್ರೇಮ್ 36 ಮತ್ತು 24, ಅದಕ್ಕೆ 24 ಮಿ.ಮೀ. ಜತೆಗೆ ಸೆನ್ಸರ್‌ಗೆಂದೇ ಮಾಡಿದ ದ್ರವ. ಸರ್ಜಿಕಲ್ ಸ್ಪಿರಿಟ್ ಬರೀ ಆಲ್ಕೊಹಾಲ್ ಅಲ್ಲ. ಅದರಲ್ಲಿ ನೀರು ಇರುತ್ತದೆ, ಕೆಲವದರಲ್ಲಿ ಎಣ್ಣೆಯಂಥದ್ದೂ ಇರುತ್ತದೆ. ಒಣಗಿದ ಮೇಲೆ ಗಾಜಿನ ಮೇಲೆ ಮಂಜು ಮಂಜು ಕಲೆ ಉಳಿಯುತ್ತದೆ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುವುದೇ ಜಾಸ್ತಿ, ಅದು ಇನ್ನೂ ಕೆಟ್ಟದ್ದು. ಸೆನ್ಸರ್ ದ್ರವಗಳಲ್ಲಿ ಕೆಲವು ಮೆಥನಾಲ್. ಅದು ವಿಷ, ಬೆಂಕಿಯೂ ಬೇಗ ಹತ್ತುತ್ತದೆ. ಕಿಟಕಿ ತೆರೆದಿರಲಿ, ಒಲೆಯಿಂದ ದೂರವಿರಲಿ, ಮಕ್ಕಳ ಕೈಗೆ ಸಿಗದಿರಲಿ.

ಸ್ವಾಬ್ ತುದಿಗೆ ಒಂದೆರಡು ಹನಿ ಸಾಕು. ತೊಟ್ಟಿಕ್ಕುವಷ್ಟು ಹಾಕಿದರೆ ದ್ರವ ಅಂಚಿನಿಂದ ಒಳಗೆ ಇಳಿಯುತ್ತದೆ. ಮತ್ತೊಮ್ಮೆ ಊದಿ, ಆಮೇಲೆ ಸ್ವಾಬನ್ನು ಒಂದು ಅಂಚಿಗೆ ಇಟ್ಟು, ತುದಿ ಚೂರು ಬಾಗುವಷ್ಟೇ ಒತ್ತಿ, ಇನ್ನೊಂದು ಅಂಚಿನವರೆಗೆ ಒಂದೇ ಸಮನೆ ಎಳೆಯಿರಿ. ನಡುವೆ ನಿಲ್ಲಿಸಬೇಡಿ, ಎತ್ತಬೇಡಿ. ಸ್ವಾಬ್ ಮಗುಚಿ, ಸ್ವಚ್ಛ ಇರುವ ಬದಿಯಿಂದ ವಾಪಸ್ ಬನ್ನಿ. ಮುಗಿಯಿತು, ಅದನ್ನು ಬಿಸಾಡಿ. ದುಡ್ಡು ಕೊಟ್ಟಿದ್ದೀವಿ ಅಂತ ಅದರಲ್ಲೇ ಇನ್ನೊಂದು ಸುತ್ತು ಎಳೆದರೆ, ಮೊದಲ ಸುತ್ತಿನಲ್ಲಿ ಎತ್ತಿಕೊಂಡ ಅದಿರಿನಿಂದಲೇ ಗಾಜು ಗೀರಿದಂತೆ. ಕಲೆ ಉಳಿದಿದ್ದರೆ ಹೊಸ ಸ್ವಾಬ್. ಮೂರು ಸ್ವಾಬ್ ಆದರೂ ಹೋಗಲಿಲ್ಲ ಅಂದರೆ ನಿಲ್ಲಿಸಿ. ಅದು ಎಣ್ಣೆಯೋ ಫಂಗಸ್ಸೋ ಗೀರೋ ಆಗಿರುತ್ತದೆ. ಆಗ ಬೆಂಗಳೂರಿನ ದಾರಿಯೇ ಸರಿ.

ಎಣ್ಣೆ ಎಲ್ಲಿಂದ ಬಂತು ಅಂದಿರಾ? ಶಟರ್ ಯಂತ್ರದಿಂದಲೇ ಸಿಡಿಯಬಹುದು. 2012ರಲ್ಲಿ ಬಂದ ನಿಕಾನ್ ಡಿ600 ಸೆನ್ಸರ್ ಚುಕ್ಕೆಗಳಿಗೇ ಹೆಸರಾಯಿತು. ಕೊನೆಗೆ 2014ರಲ್ಲಿ ಕಂಪನಿ ಉಚಿತವಾಗಿ ಶಟರ್ ಬದಲಿಸಿಕೊಟ್ಟಿತು. ಹಾಗಾಗಿ ಎಲ್ಲ ಚುಕ್ಕೆಗೂ ನಮ್ಮೂರಿನ ಧೂಳನ್ನೇ ದೂರಬೇಕಿಲ್ಲ.

ಪ್ರಶ್ನೆ: ಕೊಪ್ಪಳದವಳು. ಗವಿಸಿದ್ದೇಶ್ವರ ಜಾತ್ರೆಯ ತೇರು ಎಳೆಯುವಾಗ ಜನರ ಮಧ್ಯೆ ನಿಂತೇ ಎರಡು ಸಲ ಲೆನ್ಸ್ ಬದಲಿಸಿದೆ. ನನ್ನದು ಮಿರರ್‌ಲೆಸ್. ಈಗ ಸೆನ್ಸರ್ ಮೇಲೆ ಬರಿಗಣ್ಣಿಗೇ ಕಾಣುವಷ್ಟು ಧೂಳಿದೆ. ಅಣ್ಣ ತನ್ನ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಒಂದು ಸಲ ಗಾಳಿ ಹೊಡೆದರೆ ಹೋಗುತ್ತದೆ ಅನ್ನುತ್ತಾನೆ.

ಉತ್ತರ: ಅಣ್ಣನಿಗೆ ಟಯರ್ ನೋಡಿಕೊಳ್ಳಲು ಹೇಳಿ. ಕಂಪ್ರೆಸರ್ ಗಾಳಿಯ ಜತೆ ಎಣ್ಣೆಯ ಹನಿ, ನೀರಿನ ಹನಿ ಬರುತ್ತವೆ. ಒತ್ತಡಕ್ಕೆ ಶಟರಿನ ತೆಳು ಪರದೆ ಮಡಚಿ ಹೋಗಬಹುದು. ಡಬ್ಬಿಯಲ್ಲಿ ಬರುವ ಕ್ಯಾನ್ಡ್ ಏರ್ ಕೂಡ ಬೇಡ. ಡಬ್ಬಿ ಓರೆಯಾದರೆ ಒಳಗಿನ ದ್ರವವೇ ತಣ್ಣಗೆ ಚಿಮ್ಮಿ ಗಾಜಿನ ಮೇಲೆ ಕಲೆ ಮಾಡುತ್ತದೆ. ಬಾಯಿಂದ ಊದಿದರೆ ಎಂಜಲು. ಕೈಯಲ್ಲಿ ಒತ್ತುವ ಬ್ಲೋವರ್ ಒಂದೇ ಸರಿ.

ಮಿರರ್‌ಲೆಸ್‌ನಲ್ಲಿ ಮುಂದೆ ಕನ್ನಡಿ ಇಲ್ಲ. ಲೆನ್ಸ್ ತೆಗೆದರೆ ಸೆನ್ಸರ್ ಬಯಲಿಗೆ ಬರುತ್ತದೆ. 2018ರ ಕ್ಯಾನನ್ ಇಒಎಸ್ ಆರ್‌ನಂಥ ಕೆಲವು ಮಾತ್ರ ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುತ್ತವೆ. ನಿಮ್ಮದೂ ಹಾಗಿದ್ದರೆ ಆ ಪರದೆಯ ಮೇಲೆ ಊದಬೇಡಿ, ಬೆರಳು ತಾಗಿಸಲೇಬೇಡಿ. ಮೆನುವಿನ ಕ್ಲೀನಿಂಗ್ ಮೋಡ್‌ನಿಂದ ತೆರೆಸಿ, ಆಮೇಲೆ ಊದಿ. ಕೈ ನಡುಕ ತಡೆಯಲು ಸೆನ್ಸರೇ ಅಲ್ಲಾಡುವ ಕ್ಯಾಮೆರಾಗಳಿಗೂ ಅದೇ ಮೋಡ್ ಬಳಸಿ. ಸ್ವಾಬ್ ಹಾಕುವ ಪ್ರಸಂಗ ಬಂದರೆ ಕೈ ಇನ್ನೂ ಹಗುರ ಇರಲಿ.

ಬರಿಗಣ್ಣಿಗೆ ಕಾಣುವಷ್ಟಿದ್ದರೆ ಅದು ಜಾತ್ರೆಯ ಮಣ್ಣೇ, ದಪ್ಪ ಕಣ. ದಪ್ಪ ಕಣ ಊದಿದರೆ ಸಲೀಸಾಗಿ ಹಾರುತ್ತದೆ. ಒಂದು ಮಾತು: ಸೆನ್ಸರ್ ಊದುವ ಮೊದಲು ಲೆನ್ಸಿನ ಹಿಂಭಾಗ, ಬಾಡಿ ಕ್ಯಾಪ್ (ಕ್ಯಾಮೆರಾ ಬಾಯಿಯ ಮುಚ್ಚಳ), ಲೆನ್ಸಿನ ಹಿಂದಿನ ಮುಚ್ಚಳ ಮೂರನ್ನೂ ಊದಿ ಸ್ವಚ್ಛ ಮಾಡಿ. ಬ್ಯಾಗಿನ ತಳದಲ್ಲಿ ಉರುಳಾಡಿದ ಮುಚ್ಚಳದಲ್ಲಿ ಒಂದು ಚಿಟಿಕೆ ಮಣ್ಣು ಇದ್ದೇ ಇರುತ್ತದೆ. ಸೆನ್ಸರ್ ಕ್ಲೀನ್ ಮಾಡಿ ಅದೇ ಮುಚ್ಚಳ ಹಾಕಿದರೆ ಸಂಜೆಗೆ ಮತ್ತೆ ಅದೇ ಪಾಡು.

ಮುಂದಿನ ತೇರಿಗೆ ಒಂದೇ ಜೂಮ್ ಲೆನ್ಸ್ ಹಾಕಿಕೊಂಡು ಹೋಗಿ. ಉತ್ತತ್ತಿ ತೂರುವ ಹೊತ್ತಿನಲ್ಲಿ ಲೆನ್ಸ್ ಬದಲಿಸಲು ಪುರುಸೊತ್ತಾದರೂ ಎಲ್ಲಿರುತ್ತದೆ? ಬದಲಿಸಲೇಬೇಕಾದರೆ ಯಾವುದಾದರೂ ಅಂಗಡಿಯೊಳಗೆ ಹೋಗಿ, ಗಾಳಿಗೆ ಬೆನ್ನು ಕೊಟ್ಟು, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಬದಲಿಸಿ.

ಪ್ರಶ್ನೆ: ರಾಯಚೂರಿನ ಹತ್ತಿ ಮಾರುಕಟ್ಟೆಯ ಫೋಟೊ ಸರಣಿ ಮಾಡುತ್ತಿದ್ದೇನೆ. ಚುಕ್ಕೆಯಲ್ಲ, ಕೂದಲಿನಂಥ ಸೊಟ್ಟ ಗೆರೆ ಬರುತ್ತಿದೆ. ಊದಿದರೆ ಜಾಗ ಬದಲಿಸುತ್ತದೆ, ಹೋಗಲ್ಲ. ತುದಿಗೆ ಅಂಟು ಜೆಲ್ ಇರುವ ಜೆಲ್ ಸ್ಟಿಕ್ ತರಿಸಲೇ? ಇನ್ನೊಂದು, ವ್ಯೂಫೈಂಡರ್‌ನಲ್ಲೂ ಕಪ್ಪು ಚುಕ್ಕೆಗಳಿವೆ, ಅವು ಫೋಟೊದಲ್ಲಿ ಬರಲ್ಲ.

ಉತ್ತರ: ಅದು ಹತ್ತಿಯ ಎಳೆ. ಜಾಗ ಬದಲಿಸುತ್ತಿದೆ ಅಂದರೆ ಅಂಟಿಕೊಂಡಿಲ್ಲ, ಒಳ್ಳೆಯದೇ. ಎಳೆ ತೆಗೆಯಲು ಜೆಲ್ ಸ್ಟಿಕ್ ನಿಜಕ್ಕೂ ಅನುಕೂಲ. ಒತ್ತಿ ಎತ್ತಬೇಕು, ಎಳೆಯಬಾರದು. ಪ್ರತಿ ಸಲ ಒತ್ತಿದ ಮೇಲೂ ಜತೆಗೆ ಬರುವ ಅಂಟು ಕಾಗದಕ್ಕೆ ಒತ್ತಿ ಸ್ವಚ್ಛ ಮಾಡಿಕೊಳ್ಳಿ. ಆದರೆ ಅಗ್ಗದ ನಕಲಿ ಸ್ಟಿಕ್ ಗಾಜಿನ ಮೇಲೆ ಜಿಡ್ಡು ಬಿಡುತ್ತದೆ. ನಿಮ್ಮ ಕ್ಯಾಮೆರಾ ಕಂಪನಿಯ ಸೆನ್ಸರ್‌ಗೆ ಆಗುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದದ್ದನ್ನೇ ಕೊಳ್ಳಿ. ರಾಯಚೂರಿನ ಬೇಸಿಗೆಗೆ 40 ಡಿಗ್ರಿ ದಾಟುವ ಕಾರಿನೊಳಗೆ ಆ ಸ್ಟಿಕ್ ಬಿಟ್ಟು ಬರಬೇಡಿ. ಉಷ್ಣ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಕಡೆ ಓಡಾಡಿ ಹಾರುಬೂದಿ ಕೂತಿದ್ದರೂ ಮೊದಲು ಊದಿಯೇ ಸ್ಟಿಕ್ ಮುಟ್ಟಿಸಿ, ಅದರಲ್ಲೂ ಗಡಸು ಸಿಲಿಕಾ ಇರುತ್ತದೆ.

ವ್ಯೂಫೈಂಡರಿನ ಚುಕ್ಕೆ ಕನ್ನಡಿಯ ಮೇಲಿರುವ ಫೋಕಸಿಂಗ್ ಸ್ಕ್ರೀನ್‌ನದು. ಫೋಟೊಗೂ ಅದಕ್ಕೂ ಸಂಬಂಧವಿಲ್ಲ. ಎರಡು ಸಲ ಮೆಲ್ಲಗೆ ಊದಿ, ಹೋದರೆ ಹೋಯಿತು. ಆ ಸ್ಕ್ರೀನ್ ಮೆತ್ತನೆಯ ಪ್ಲಾಸ್ಟಿಕ್, ಕನ್ನಡಿಯ ಲೇಪನವೂ ಹೊರಮುಖಕ್ಕೇ ಇರುತ್ತದೆ. ಎರಡಕ್ಕೂ ಬಟ್ಟೆ, ಹತ್ತಿ, ಸ್ವಾಬ್ ಯಾವುದನ್ನೂ ತಾಗಿಸಬೇಡಿ.