ಇಷ್ಟು ಕಷ್ಟಪಟ್ಟರೂ ಸೆಲೆಕ್ಟ್ ಆಗಲಿಲ್ಲವಲ್ಲ?

ಪ್ರಶ್ನೆ: ಮಗನಿಗೆ ಹದಿನಾಲ್ಕು. ದಿನಾ ಬೆಳಿಗ್ಗೆ ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ ಕ್ರಿಕೆಟ್ ಪ್ರಾಕ್ಟೀಸ್ ಮಾಡುತ್ತಾನೆ. ಈ ಸಲವೂ ಸೆಲೆಕ್ಷನ್ ಆಗಲಿಲ್ಲ. ಬ್ಯಾಟ್ ಮುಟ್ಟುತ್ತಲೇ ಇಲ್ಲ. ಏನು ಹೇಳಲಿ?
– ಓದುಗರು, ಹಾಸನ

ಉತ್ತರ: ನೋಡಿ ಅಮ್ಮ, ಎರಡು ದಿನ ಸುಮ್ನೆ ಬಿಡಿ. ಬೇಜಾರು ಆಗೋದು ಸಹಜ ಅಲ್ವಾ. ಆಮೇಲೆ ಅವನಿಗೆ ಜಪಾನಿನ ಬೇಸ್‌ಬಾಲ್ ಆಟಗಾರ ಇಚಿರೊ ಸುಜುಕಿಯ ಬಗ್ಗೆ ಹೇಳಿ. 1991ರಲ್ಲಿ ಜಪಾನಿನ ವೃತ್ತಿಪರ ತಂಡಗಳು ಹುಡುಗರನ್ನು ಆರಿಸುವಾಗ ಇವರ ಹೆಸರು ಬಂದಿದ್ದು ನಾಲ್ಕನೇ ಸುತ್ತಿನಲ್ಲಿ, ಅಂದರೆ ಮೊದಲ ಮೂರು ಸುತ್ತಿನಲ್ಲಿ ಯಾರೂ ಆರಿಸಲಿಲ್ಲ. ಅದೇ ಇಚಿರೊ 2001ರಲ್ಲಿ ಅಮೆರಿಕದ ಸಿಯಾಟಲ್ ತಂಡ ಸೇರಿ, 2004ರ ಒಂದೇ ಸೀಸನ್‌ನಲ್ಲಿ 262 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪೋದು) ಹೊಡೆದು ದಾಖಲೆ ಮಾಡಿದರು, 2025ರಲ್ಲಿ ಅಲ್ಲಿನ ದಿಗ್ಗಜ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಕೂಡ ಸೇರಿದರು. ಇಷ್ಟಾದರೂ ಅಮೆರಿಕದಲ್ಲಿ ಅವರ ಸರಾಸರಿ .311. ಅಂದರೆ ಹತ್ತರಲ್ಲಿ ಮೂರು ಸಲ ಹಿಟ್, ಉಳಿದ ಏಳು ಸಲ ಇಲ್ಲ!

ನನಗೆ ಜಾಸ್ತಿ ಇಷ್ಟವಾಗೋದು ಅವರ ದಿನನಿತ್ಯದ ಶಿಸ್ತು. ದುಡ್ಡು, ಹೆಸರು ಎಲ್ಲ ಬಂದ ಮೇಲೂ ತಮ್ಮ ಗ್ಲೌಸ್ ತಾವೇ ಒರೆಸಿ, ಎಣ್ಣೆ ಹಚ್ಚಿ ಎತ್ತಿಡುತ್ತಿದ್ದರು. ಬ್ಯಾಟುಗಳಿಗೆ ತೇವ ತಗಲಬಾರದು ಅಂತ ಬೇರೆಯೇ ಪೆಟ್ಟಿಗೆ. ಆಯ್ಕೆದಾರರ ಮನಸ್ಸು ನಮ್ಮ ಕೈಲಿಲ್ಲ, ಈ ಕೆಲಸಗಳು ಖಂಡಿತ ನಮ್ಮ ಕೈಲಿವೆ.

ಹಾಗಾಗಿ ಮುಂದಿನ ಸೆಲೆಕ್ಷನ್ ಮಾತು ಈಗಲೇ ತೆಗೆಯಬೇಡಿ. ಅವನ ಕೋಚ್ ಹತ್ತಿರ ಹೋಗಿ, ಯಾವ ಒಂದು ಹೊಡೆತ ಸರಿಯಾಗಬೇಕು ಅಂತ ಮಾತ್ರ ಕೇಳಿ. ಮೂರು ತಿಂಗಳು ಅದರ ಮೇಲೇ ಗಮನ ಇರಲಿ. ಕಿಟ್ ಒಣಗಿಸೋದು, ಶೂ ತೊಳೆಯೋದು ನೀವು ಮಾಡಬೇಡಿ, ಅವನೇ ಮಾಡಲಿ.