ಆಮೆಗೆ ಯಾವ ಸೊಪ್ಪು? ಹಾಲು ಬರುವ ಗಿಡವೆಲ್ಲ ವಿಷವಲ್ಲ

ಪ್ರಶ್ನೆ: ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಿದ, ಸುಲ್ಕಾಟಾ ಎಂಬ ಆಫ್ರಿಕಾ ಮೂಲದ ಎರಡು ವರ್ಷದ ಆಮೆ ನಮ್ಮಲ್ಲಿದೆ. ಹೊಲದ ಕಡೆಯ ಸೊಪ್ಪು ಹಾಕೋಣವೆಂದರೆ, ಹಾಲು ಬರುವ ಗಿಡವೆಲ್ಲ ವಿಷ ಅನ್ನುತ್ತಾರೆ. ಹಕ್ಕರಕಿಯಲ್ಲೂ ಹಾಲಿದೆಯಲ್ಲ?
– ಓದುಗರು, ಸಿರುಗುಪ್ಪ

ಉತ್ತರ: ಹಾಲೊಂದನ್ನೇ ನೋಡಿ ತೀರ್ಮಾನಿಸಬೇಡಿ, ಎಲೆ ಎಲ್ಲಿಂದ ಹೊರಟಿದೆ ನೋಡಿ. ರೊಟ್ಟಿ ಜೊತೆ ನಾವು ಹಸಿಯಾಗಿ ತಿನ್ನುವ ಹಕ್ಕರಕಿ ಆಮೆಗೂ ಒಳ್ಳೆಯದು. ಅದರ ಎಲೆಗಳು ಬೇರಿನ ತಲೆಯಿಂದಲೇ ಹೊರಟು ನೆಲಕ್ಕೆ ಅಂಟಿದಂತೆ ಹರಡುತ್ತವೆ, ಹೂವು ಹಳದಿ. ಹಾಲುಗಿಡ ಅಥವಾ ಅಚ್ಚೆಗಿಡದಲ್ಲಿ ಹಾಗಲ್ಲ. ಕೆಂಪು ಛಾಯೆಯ ಕಾಂಡದ ಮೇಲೆ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಎಲೆಯ ಕಂಕುಳಲ್ಲಿ ಸಣ್ಣ ಕಾಳಿನಂಥ ಹೂಗೊಂಚಲು. ಅದರ ಹಾಲು ಬಾಯಿ, ಕಣ್ಣು ಎರಡನ್ನೂ ಉರಿಸುತ್ತದೆ.

ನಿಜವಾಗಿ ಮೋಸ ಮಾಡುವುದು ಎಳೆಯ ಕಾಂಗ್ರೆಸ್ ಕಸ. ಅದೂ ಹಕ್ಕರಕಿಯಂತೆ ನೆಲಕ್ಕೆ ಒರಗಿ ಸುತ್ತ ಹರಡಿರುತ್ತದೆ. ಒಂದು ಎಲೆ ಮುರಿಯಿರಿ: ಹಕ್ಕರಕಿಯಲ್ಲಿ ಹಾಲು ಒಸರುತ್ತದೆ, ಕಾಂಗ್ರೆಸ್ ಕಸದಲ್ಲಿ ಇಲ್ಲ, ಎಲೆ ಗಜ್ಜರಿ ಸೊಪ್ಪಿನಂತೆ ಸೀಳಿರುತ್ತದೆ. ಇಲ್ಲಿ ಹಾಲೇ ನಿಮ್ಮ ಸಾಕ್ಷಿ.

ಗೋಳಿ ಪಲ್ಯದ ದಪ್ಪ, ನುಣುಪು ದಂಟು ಮುರಿದರೆ ನೀರಷ್ಟೇ ಬರುತ್ತದೆ. ಅದರಂತೆಯೇ ತೆವಳುವ ತೆಳು ದಂಟಿನ ಹಾಲುಗಿಡದ ಜಾತಿಗಳಲ್ಲಿ ಬಿಳಿ ಹಾಲು. ಆದರೆ ಗೋಳಿಯಲ್ಲಿ ಆಕ್ಸಲೇಟ್ ಹೆಚ್ಚು. ಅದು ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಚಿಪ್ಪಿಗೆ ದಕ್ಕಗೊಡುವುದಿಲ್ಲ. ವಾರಕ್ಕೊಮ್ಮೆ ಒಂದು ಚಿಟಿಕೆಯಷ್ಟು ಸಾಕು. ಸುಣ್ಣದಂಶಕ್ಕಾಗಿ ಗ್ರಂಧಿಗೆ ಅಂಗಡಿಯ ಸಮುದ್ರ ನೊರೆಯ (ಕಟಲ್ ಮೀನಿನ ಒಳಚಿಪ್ಪು) ಒಂದು ತುಂಡು ಆಮೆಯ ಮುಂದೆ ಸದಾ ಇರಲಿ. ಪಾಪಸ್‌ಕಳ್ಳಿಯ ಚಪ್ಪಟೆ ಹಾಳೆ ಚೆನ್ನ. ದೊಡ್ಡ ಮುಳ್ಳಿಗಿಂತ ಕಣ್ಣಿಗೆ ಕಾಣದ ರೋಮದಂಥ ಮುಳ್ಳೇ ಕೆಟ್ಟದ್ದು, ಬೆಂಕಿಯಲ್ಲಿ ಎರಡೂ ಬದಿ ಸುಟ್ಟು ಉಜ್ಜಿ ತೊಳೆಯಿರಿ. ಕೊಯ್ದಾಗ ಹಾಲು ಸುರಿದರೆ ಅದು ಬೇರೆ ಕಳ್ಳಿ, ಎಸೆಯಿರಿ. ಎಕ್ಕಿ, ಔಡಲ, ಮದಗುಣಿಕಿ, ಕಣಗಿಲೆಗಳ ಹತ್ತಿರವೂ ಆಮೆಯನ್ನು ಬಿಡಬೇಡಿ.

ಇಷ್ಟೆಲ್ಲ ಗುರುತಿಸಿದರೂ ನಿಮ್ಮೂರಲ್ಲಿ ಭತ್ತದ ಗದ್ದೆಯ ಬದುವಿನ ಹುಲ್ಲು ಮುಟ್ಟಬೇಡಿ. ಎಣ್ಣಿ (ಕೀಟನಾಶಕ) ಹೊಡೆದ ಭತ್ತ, ಹತ್ತಿ, ಮೆಣಸಿನ ಹೊಲದ ಸೊಪ್ಪು ಎಷ್ಟು ತೊಳೆದರೂ ನಂಬುವಂತಿಲ್ಲ. ಹಿತ್ತಲಲ್ಲಿ ಕರಿಕಿ (ಗರಿಕೆ ಹುಲ್ಲು) ಬೆಳೆಸಿಕೊಳ್ಳಿ. ಸುಲ್ಕಾಟಾ ಸಹಾರಾದ ದಕ್ಷಿಣ ಅಂಚಿನ ಒಣ ಹುಲ್ಲುಗಾವಲಿನದು. ಊಟದ ಮುಕ್ಕಾಲು ಪಾಲು ಹುಲ್ಲೇ ಇರಬೇಕು. ಬರೀ ನೀರುಸೊಪ್ಪು ಹಾಕಿದರೆ ಹೇಲು ತೆಳ್ಳಗಾಗುತ್ತದೆ. ಹೊಸ ಗಿಡವಾದರೆ ಮೊದಲ ದಿನ ಎರಡೇ ಎಲೆ ಕೊಟ್ಟು, ಮೂರು ದಿನ ಹೇಲು ನೋಡಿ ಮುಂದುವರಿಯಿರಿ.

ಪ್ರಶ್ನೆ: ಕುರುಚಲು ಕಾಡಿನಲ್ಲಿ ನಕ್ಷತ್ರ ಆಮೆ ಸಿಕ್ಕಿದೆ. ಇದಕ್ಕೂ ಇದೇ ಸೊಪ್ಪೇ?
– ಓದುಗರು, ಕುಷ್ಟಗಿ

ಉತ್ತರ: ಸೊಪ್ಪಿನ ಮಾತು ಆಮೇಲೆ, ಮೊದಲು ಅದನ್ನು ಸಿಕ್ಕ ಜಾಗದಲ್ಲೇ ಬಿಟ್ಟು ಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಸಾಕುವುದು ಅಪರಾಧ. ಕಳ್ಳಸಾಗಣೆಗೆ ಸಿಕ್ಕಿ ಸೊರಗಿದ ಜೀವ ಅದು. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಲಾಯಿತು. ಗಾಯವಾಗಿದ್ದರೆ ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಅಂದೇ ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಿ.

ಪ್ರಶ್ನೆ: ಸಾಕಿದ ಆಮೆಗೆ ಎಳೆ ಜೋಳದ ಗರಿ ಹಾಕಬಹುದೇ?
– ಓದುಗರು, ಲಿಂಗಸುಗೂರು

ಉತ್ತರ: ಬೇಡ. ಮೊಣಕಾಲೆತ್ತರಕ್ಕೆ ಬಾರದ ಪೈರು, ಮಳೆಯಿಲ್ಲದೆ ಬಾಡಿದ ಪೈರು, ಕೊಯ್ದ ಮೇಲೆ ಒಡೆದ ಕೂಳೆ ಚಿಗುರು ಇವೆಲ್ಲ ಸೈನೈಡ್ ಬಿಡುತ್ತವೆ, ದನಗಳೇ ತಾಳಲಾರವು. ಕರಿಕಿಯನ್ನೇ ಎರಡು ಬೆರಳುದ್ದ ಕತ್ತರಿಸಿ ಹಾಕಿ, ಮರಿ ಆಮೆಗೆ ಉದ್ದ ಹುಲ್ಲು ಹರಿದು ತಿನ್ನಲು ಆಗುವುದಿಲ್ಲ.