ಹೋಲ್ಗಾ ಕೊಳ್ಳಲೋ, ಡಬ್ಬದಲ್ಲಿ ಪಿನ್‌ಹೋಲ್ ಮಾಡಲೋ?

ಎರಡು ದಿನದಲ್ಲಿ ನಂದಿ ಬೆಟ್ಟ, ಅಂತರಗಂಗೆ, ದೇವರಾಯನದುರ್ಗ ಮೂರೂ ಸುತ್ತಿ ಮರ, ಬಂಡೆ, ನೀರಿನ ಫೋಟೊ ತೆಗೆಯಬೇಕು, ಹೋಲ್ಗಾ ಅನ್ನೋ ಪ್ಲಾಸ್ಟಿಕ್ ಫಿಲ್ಮ್ ಕ್ಯಾಮೆರಾ ಕೊಳ್ಳಲೋ, ಲೆನ್ಸ್ ಬದಲು ಸಣ್ಣ ತೂತಿರುವ, ಒಳಗೆ ಫೋಟೊ ಕಾಗದ ಇಡುವ ಪಿನ್‌ಹೋಲ್ ಕ್ಯಾಮೆರಾ ಡಬ್ಬದಲ್ಲೇ ಮಾಡಲೋ, ಯಾವುದು ವಾಸಿ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಾನೂ ಹೀಗೇ ಹೊರಟವನು.

ತುಮಕೂರಿನಿಂದ ಕೋಲಾರಕ್ಕೆ ಐದು ಹಾಲಿನ ಪುಡಿ ಡಬ್ಬ ಹೊತ್ತುಕೊಂಡು ಹೋಗಿದ್ದೆ. ಒಂದು ಡಬ್ಬಕ್ಕೆ ಒಂದೇ ಫೋಟೊ, ಅದಕ್ಕೇ ಐದು. ಬಸ್ಸಿನಲ್ಲಿ ಕಂಡಕ್ಟರ್ "ಏನ್ ಸ್ವಾಮಿ, ತುಪ್ಪಾನಾ?" ಅಂದರು. "ಕ್ಯಾಮೆರಾ" ಅಂದೆ. ಟಿಕೆಟ್ ಕೊಟ್ಟು ಮುಂದಿನ ಸೀಟಿಗೆ ಹೋದರು.

ಅಂತರಗಂಗೆಯ ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಕಡೆ ಮೊದಲ ಡಬ್ಬ ಇಟ್ಟೆ. ನೆರಳಿತ್ತು, ಆರು ನಿಮಿಷ ಬಿಟ್ಟೆ. ಉಳಿದ ನಾಲ್ಕು ಮೇಲಿನ ಬಂಡೆಗಳ ನಡುವೆ, ಬಿಸಿಲಲ್ಲಿ, ಒಂದೊಂದು ನಿಮಿಷ. ಆಮೇಲೆ ಸಂಜೆವರೆಗೂ ಐದೂ ನನ್ನ ಪಕ್ಕ ಬಂಡೆ ಮೇಲೇ ಕೂತಿದ್ದವು. ರಾತ್ರಿ ಮನೆಯ ಬಚ್ಚಲಲ್ಲಿ ಕೆಂಪು ಬಲ್ಬ್ ಹಾಕಿ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣಕ್ಕೆ ಇಳಿಸಿದರೆ ಐದೂ ಕಾಗದ ಕಾಡಿಗೆ ಕಪ್ಪು.

ತಪ್ಪು ಮುಚ್ಚಳದ್ದು. ಡಬ್ಬ ತಗಡಿನದು, ಮುಚ್ಚಳ ಪ್ಲಾಸ್ಟಿಕ್. ಎರಡಕ್ಕೂ ಒಳಗೆ ಕಪ್ಪು ಬಣ್ಣ ಬಳಿದಿದ್ದೆ. ಆದರೆ ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯಲ್ಲ. ಮುಚ್ಚಳ ಹಾಕುವಾಗ ಅದು ಸ್ವಲ್ಪ ಬಾಗುತ್ತೆ ಅಲ್ವಾ, ಪ್ರತಿ ಸಲವೂ ಒಂದೊಂದು ಚೂರು ಬಣ್ಣ ಉದುರುತ್ತೆ. ಒಂದು ತೂತಿನ ಕ್ಯಾಮೆರಾ ಅಂದುಕೊಂಡು ನೂರು ತೂತಿನದು ಹೊತ್ತಿದ್ದೆ. ಮನೆ ಮಹಡಿ ಮೇಲೆ ಮೂರು ಸಲ ಪರೀಕ್ಷೆ ಮಾಡಿದ್ದೆನಲ್ಲ, ಆಗ ಯಾಕೆ ಗೊತ್ತಾಗಲಿಲ್ಲ? ಅಲ್ಲಿ ಒಂದು ನಿಮಿಷ ಇಟ್ಟು ಸೀದಾ ಬಚ್ಚಲಿಗೆ ಓಡುತ್ತಿದ್ದೆ. ಅಷ್ಟರಲ್ಲಿ ಸೋರಿದ ಬೆಳಕು ಲೆಕ್ಕಕ್ಕಿಲ್ಲ. ಬೆಟ್ಟದಲ್ಲಿ ಅದೇ ಸೋರಿಕೆ ಇಡೀ ದಿನ. ಕಾಗದಕ್ಕೆ ತೂತಿನ ಬೆಳಕು, ಮುಚ್ಚಳದ ಬೆಳಕು ಅಂತ ಭೇದವಿಲ್ಲ, ಬಿದ್ದಷ್ಟೂ ಕಪ್ಪಾಗುತ್ತೆ. ಹೋಗುವ ಮುಂಚೆ ಒಂದು ಡಬ್ಬಕ್ಕೆ ಕಾಗದ ತುಂಬಿ, ತೂತು ತೆರೆಯದೆ, ಒಂದು ಹಗಲು ಬಿಸಿಲಲ್ಲಿ ಇಟ್ಟು ನೋಡಿದ್ದರೆ ಸಾಕಿತ್ತು. ಅದೊಂದನ್ನ ಮಾಡಲಿಲ್ಲ.

ಈಗ ನಿಮ್ಮ ಪ್ರಶ್ನೆ. ಹೋಲ್ಗಾ 1982ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಗ್ಗದ ಕ್ಯಾಮೆರಾ ಅಂತ ಬಂದದ್ದು. 120 ಅನ್ನೋ ಅಗಲದ ರೋಲ್ ಫಿಲ್ಮ್, ಚೌಕ ಚಿತ್ರವಾದರೆ ರೋಲಿಗೆ 12. ಅದೂ ಬೆಳಕು ಸೋರುತ್ತೆ, ಆದರೆ ಜನ ಅದನ್ನೇ ಚೆಂದ ಅಂತಾರೆ! ಕೊಳ್ಳಬೇಡಿ ಅನ್ನಲ್ಲ. ಆದರೆ ಎರಡು ದಿನಕ್ಕೆ ಮೂರು ಬೆಟ್ಟ ಅನ್ನೋದನ್ನ ಮೊದಲು ಕೈಬಿಡಿ. ಓಡುತ್ತಾ ತೆಗೆಯೋಕೆ ಮೊಬೈಲ್ ಇದೆ. ಒಂದು ಬೆಟ್ಟ, ಒಂದು ದಿನ, ಮೂರು ಡಬ್ಬ.

ತೂತನ್ನ ಡಬ್ಬಕ್ಕೇ ಹೊಡೆಯಬೇಡಿ. ಕೂಲ್‌ಡ್ರಿಂಕ್ಸ್ ಕ್ಯಾನಿನ ತಗಡು ಕತ್ತರಿಸಿ, ಸೂಜಿಯ ಮೊನೆಯಿಂದ ಚುಚ್ಚಿ, ಹಿಂದೆ ಎದ್ದ ಅಂಚನ್ನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಡಬ್ಬಕ್ಕೆ ಕೊರೆದ ದೊಡ್ಡ ಕಿಂಡಿಯ ಮೇಲೆ ಅಂಟಿಸಿ. 10 ಸೆಂ.ಮೀ. ಅಗಲದ ಡಬ್ಬಕ್ಕೆ 0.4 ಮಿ.ಮೀ. ತೂತು ಸರಿಹೋಗುತ್ತೆ, ಅಂದರೆ ಡಬ್ಬದ ಅಗಲ ತೂತಿನ 250 ಪಟ್ಟು, ಕ್ಯಾಮೆರಾ ಭಾಷೆಯಲ್ಲಿ ಎಫ್/250.

ಎರಡನೇ ಸಲ ನಾನು ಮುಚ್ಚಳಕ್ಕೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಮೇಲೆ ಹಳೇ ಛತ್ರಿ ಬಟ್ಟೆ ಕಟ್ಟಿದೆ. ಬಸವನ ಬಾಯಿಂದ ಬೀಳುವ ನೀರು ಬಿಚ್ಚಿಟ್ಟ ಹತ್ತಿಯ ಹಾಗೆ ಬಂತು. ಮೂರರಲ್ಲಿ ಒಂದೇ ಬಂದದ್ದು. ಒಂದನ್ನ ನಾನೇ ಅಲುಗಾಡಿಸಿದೆ. ಇನ್ನೊಂದನ್ನ ಕಡಲೆಕಾಯಿ ಡಬ್ಬ ಅಂದುಕೊಂಡು ಕೋತಿ ಎತ್ತಿಕೊಂಡು ಹೋಯಿತು.